ಡಕಾರದ ಕೊಂಬು ಮುರಿದ ಪೇಂಟರ್ ಜಂಬುನಾಥ

ಬಳ್ಳಾರಿಯ ಪಾರ್ವತಿನಗರದ ಹಿಂದಿನ ಗಲ್ಲಿಯಲ್ಲಿ ‘ಜಂಬುನಾಥ ಆರ್ಟ್ಸ್’ ಎಂಬ ಎಂಟಡಿ ಅಗಲದ ಸಾಮ್ರಾಜ್ಯವೊಂದಿದೆ. ಅದರ ಚಕ್ರವರ್ತಿ, ಸೇನಾಪತಿ, ಬಾಗಿಲಿಗೆ ನೀರು ಹಾಕುವವ ಎಲ್ಲ ಒಬ್ಬನೇ, ಪೇಂಟರ್ ಜಂಬುನಾಥ. ವಯಸ್ಸು ಐವತ್ನಾಲ್ಕು. ಆಯುಧ, ಆರನೇ ನಂಬರಿನ ಬ್ರಷ್. ವೈರಿ, ಫ್ಲೆಕ್ಸ್ ಮಷೀನು. ಮೂವತ್ತಾರು ವರ್ಷಗಳಲ್ಲಿ ಅವನ ಕೈಯಿಂದ ಒಂದೇ ಒಂದು ಕಾಗುಣಿತ ತಪ್ಪಾಗಿಲ್ಲ ಎಂಬುದು ಜಿಲ್ಲೆಗೆಲ್ಲ ಗೊತ್ತಿರುವ ಸಂಗತಿ. ಗೊತ್ತಿಲ್ಲದವರು ಸಿಕ್ಕರೆ ಅವನೇ ನಿಲ್ಲಿಸಿ ಹೇಳುತ್ತಾನೆ.

ತನ್ನದಿರಲಿ, ಬೇರೆಯವರ ತಪ್ಪನ್ನೂ ಅವನು ಸಹಿಸುವವನಲ್ಲ. ಒಮ್ಮೆ ಸಿರುಗುಪ್ಪದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೋಗುವಾಗ ಸಿರಿಗೇರಿಯ ಹತ್ತಿರ ಒಂದು ಅಂಗಡಿಯ ಬೋರ್ಡು ಕಣ್ಣಿಗೆ ಬಿತ್ತು. ‘ಇಲ್ಲಿ ಒಳ್ಳೆಯ ಅಕಿ ಸಿಗುತ್ತದೆ’ ಎಂದು ಬರೆದಿತ್ತು. ಅಕ್ಕಿಯ ಒತ್ತಕ್ಷರ ಎಲ್ಲಿ ಬಿದ್ದುಹೋಗಿತ್ತೋ, ನಮ್ಮ ಕಡೆಯ ಮಾತಿನಲ್ಲಿ ಅದು ‘ಅಕಿ’, ಅಂದರೆ ‘ಅವಳು’ ಆಗಿ ಕೂತಿತ್ತು. ಜಂಬುನಾಥ ಕಂಡಕ್ಟರನ ಕೈಯಲ್ಲಿ ಸೀಟಿ ಹೊಡೆಸಿ ಬಸ್ಸು ನಿಲ್ಲಿಸಿದ. ಅಂಗಡಿಯವ ಊಟಕ್ಕೆ ಹೋಗಿದ್ದ. ಪಕ್ಕದ ಚಹಾದಂಗಡಿಯ ಸ್ಟೂಲು ಎಳೆದು, ಚೀಲದಿಂದ ಬ್ರಷ್ ತೆಗೆದು, ಕಕಾರದ ಕಾಲಬುಡಕ್ಕೆ ಒಂದು ಒತ್ತು ಕೊಟ್ಟು, ಮುಂದಿನ ಬಸ್ಸು ಹಿಡಿದು ಹೋದ. ಅಂಗಡಿಯವ ಇಂದಿಗೂ ಅದು ಯಾರ ಕೆಲಸವೆಂದು ತಿಳಿಯದೆ ದೇವರ ಮೇಲೆ ಹಾಕಿದ್ದಾನಂತೆ. ವ್ಯಾಪಾರ ಮಾತ್ರ ಸ್ವಲ್ಪ ಇಳಿಯಿತೆಂದು ವದಂತಿ.

ಇಂಥ ವೀರನಿಗೂ ಫುಟ್‌ಬಾಲಿಗೂ ಏನು ಸಂಬಂಧ ಎಂದರೆ, ಏನೂ ಇಲ್ಲ. ಅವನು ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಒದ್ದವನಲ್ಲ. ಆದರೆ ಅವನ ಅಂಗಡಿಯ ಕಟ್ಟೆಯ ಮೇಲೆ ಸಂಜೆ ಸಂಜೆ ಕೂತು ಮಿರ್ಚಿ ತಿನ್ನುವವರೆಲ್ಲ ಏಕಶಿಲಾ ಫುಟ್‌ಬಾಲ್ ಸಂಘದವರು. ನಾಯಕ ಹುಲುಗೇಶ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ತರ. ಇಡೀ ದಿನ ಪ್ಯಾಂಟಿನ ಕಾಲು ಕತ್ತರಿಸಿ, ಸಂಜೆ ಎದುರಾಳಿಯ ಕಾಲು ಹುಡುಕಿಕೊಂಡು ಹೊರಡುತ್ತಿದ್ದ.

ಆ ತಂಡಕ್ಕೆ ಎಲ್ಲ ಇತ್ತು, ಅಂಗಿ ಒಂದು ಇರಲಿಲ್ಲ. ಹಿಂದಿನ ವರ್ಷ ಯಾವುದೋ ಆರೋಗ್ಯ ಶಿಬಿರದಲ್ಲಿ ಉಳಿದ ಟೀ ಶರ್ಟು ಪುಕ್ಕಟೆ ಸಿಕ್ಕವೆಂದು ಅವನ್ನೇ ಹಾಕಿಕೊಂಡು ಆಡಿದ್ದರು. ಹನ್ನೊಂದು ಜನರ ಬೆನ್ನ ಮೇಲೂ ‘ಜಂತುಹುಳು ನಿವಾರಿಸಿ’ ಎಂದಿತ್ತು. ಕುರುಗೋಡಿನ ಮೈದಾನದಲ್ಲಿ ಜನ ಅವರನ್ನು ‘ಹುಳದ ಟೀಮು’ ಎಂದು ಕರೆದರು. ಹುಲುಗೇಶ ಅಂದಿನಿಂದ ಹುಳುಗೇಶನಾದ. ಅವನ ಮದುವೆ ಮಾತುಕತೆಯಲ್ಲಿ ಹೆಣ್ಣಿನ ಕಡೆಯವರೂ ಹಾಗೆಯೇ ಕರೆದರೆಂದು ಅವನು ಕಟ್ಟೆಯ ಮೇಲೆ ಕೂತು ಗೋಳಾಡಿದ. ಲಕಾರ ಹೋಗಿ ಳಕಾರ ಬಂದದ್ದು ಜಂಬುನಾಥನ ಕರುಳಿಗೆ ಚುಚ್ಚಿತು. ಮರುದಿನವೇ ಅವನು ತಂಡಕ್ಕೊಬ್ಬ ಸ್ಪಾನ್ಸರ್ ಹುಡುಕಲು ಹೊರಟ.

ಸಿಕ್ಕವರು ವೆಂಕೂಬಾಯಿ. ನಲವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಈಗ ಎಪ್ಪತ್ತೆರಡು. ಓಂಕಾಳು, ಜೀರಿಗೆ, ಇಂಗು, ಸೈಂಧವ ಲವಣ ಹುರಿದು ಕುಟ್ಟಿ ‘ವೆಂಕೂಬಾಯಿ ಪಾಚಕ’ ಎಂಬ ಪುಡಿ ಮಾಡುತ್ತಾರೆ. ಸಂಜೆಯಾದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಎಂದು ಊರಿಗೆ ಊರೇ ಬಂಡಿಗಳ ಮುಂದೆ ನಿಲ್ಲುವ ಬಳ್ಳಾರಿಯಲ್ಲಿ ಈ ಪುಡಿಗೆ ಗಿರಾಕಿ ಹುಡುಕಬೇಕಾಗಿಲ್ಲ. ಡಬ್ಬಿಯ ಮೇಲೆ ಅವರೇ ರಚಿಸಿದ ಘೋಷವಾಕ್ಯ: ‘ಅಜೀರ್ಣವೇ, ಓಡು!’

ಅಂಗಿಯ ಮೇಲೆ ಹೆಸರು ಹಾಕಿಸುವ ವಿಚಾರ ಅವರಿಗೆ ಹೊಸದಲ್ಲ. ಮೊಮ್ಮಗನ ಜೊತೆ ಕೂತು ಟಿವಿಯಲ್ಲಿ ವಿದೇಶದ ಪಂದ್ಯ ನೋಡಿದ್ದರು. ವಿಮಾನ ಕಂಪನಿಯ ಹೆಸರು ಎದೆಯ ಮೇಲೆ ಹಾಕಿಕೊಂಡವರು ತೊಂಬತ್ತು ನಿಮಿಷ ನೆಲದ ಮೇಲೇ ಓಡಿದರು, ಒಬ್ಬನೂ ಹಾರಲಿಲ್ಲ ಎಂಬುದು ಅವರ ಆಕ್ಷೇಪ. ತಮ್ಮ ಹೆಸರು ಹಾಕಿಕೊಂಡವರಿಗೆ ಕನಿಷ್ಠ ಉಂಡದ್ದು ಅರಗುತ್ತದೆ ಎಂದು ಅವರೇ ನಕ್ಕು ಒಪ್ಪಿದರು. ಆದರೆ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ಮಗ ವಿಶ್ವಪ್ರಿಯ, ಅಂಗಿಯ ಮೇಲಾಗಲಿ ಊರ ಗೋಡೆಗಳ ಮೇಲಾಗಲಿ ಕೈಬರಹ ಹಳೆಯದಾಯಿತು, ಎಲ್ಲಕ್ಕೂ ಫ್ಲೆಕ್ಸ್ ಹಾಕಿಸೋಣ ಎನ್ನುತ್ತಿದ್ದ. ವೆಂಕೂಬಾಯಿ ಇಬ್ಬರಿಗೂ ಸೇರಿಸಿ ತೀರ್ಪು ಕೊಟ್ಟರು.

“ಅಂಗಿ ಜಂಬುನಾಥ ಬರೀಲಿ. ಸಿರುಗುಪ್ಪದಾಗ ಮ್ಯಾಚು ಅದ, ನಾನೂ ಬಂದು ನೋಡ್ತೀನಿ. ಜನ ಅಂಗಿ ನೋಡಿ ಮಾತಾಡಿದ್ರ, ಬಳ್ಳಾರಿ, ಕುರುಗೋಡು, ಸಿರುಗುಪ್ಪ ಮೂರೂ ಕಡೆ ನಲವತ್ತು ಗೋಡಿ ಅವನ ಕೈಲೇ ಬರಸ್ತೀನಿ. ಇಲ್ಲಾಂದ್ರ ನಿನ್ನ ಫ್ಲೆಕ್ಸು.”

ನಲವತ್ತು ಗೋಡೆ. ಜಂಬುನಾಥನಿಗೆ ಒಂದು ಕ್ಷಣ ಕಿವಿಯಲ್ಲಿ ಡೊಳ್ಳು ಬಾರಿಸಿದಂತಾಯಿತು. ಅವನು ಗೋಡೆ ಮುಟ್ಟಿ ಎರಡು ವರ್ಷವಾಗಿತ್ತು. ಈಚೆಗೆ ಅವನ ಪಾಲಿಗೆ ಬರುತ್ತಿದ್ದದ್ದು ಬೈಕಿನ ನಂಬರ್ ಪ್ಲೇಟು, ‘ಇಲ್ಲಿ ಗಾಡಿ ನಿಲ್ಲಿಸಬೇಡಿ’, ಮತ್ತು ಅದನ್ನು ಓದಿಯೂ ನಿಲ್ಲಿಸುವವರಿಗಾಗಿ ‘ದಯವಿಟ್ಟು’. ಮೈಯುದ್ದದ ಅಕ್ಷರವನ್ನು ಏಣಿ ಹತ್ತಿ ಬರೆಯುವ ಸುಖ ಇನ್ನು ಈ ಜನ್ಮಕ್ಕಿಲ್ಲ ಎಂದುಕೊಂಡಿದ್ದವನ ಮುಂದೆ ವೆಂಕೂಬಾಯಿ ಮೂರು ಊರುಗಳನ್ನೇ ಹಾಸಿದ್ದರು.

ತೊಡಕು ಬಂದದ್ದು ಆಟಗಾರರಿಂದ. ‘ಅಜೀರ್ಣವೇ, ಓಡು’ ಎಂಬುದನ್ನು ಎದೆಯ ಮೇಲೆ ಹಾಕಿಕೊಳ್ಳಲು ಒಬ್ಬನೂ ಒಪ್ಪಲಿಲ್ಲ. ಹೋದ ವರ್ಷ ಹುಳ, ಈ ವರ್ಷ ಅಜೀರ್ಣ, ಹೀಗೇ ಕೆಳಗಿಳಿಯುತ್ತ ಹೋದರೆ ಬರುವ ವರ್ಷ ಏನು ಹಾಕಿಕೊಂಡು ಆಡಬೇಕು ಎಂದು ಗೋಲ್‌ಕೀಪರ್ ಕೇಳಿದ. ಹುಲುಗೇಶ ತನಗೆ ಇನ್ನೊಂದು ಅಡ್ಡಹೆಸರು ಹೊರುವ ತಾಕತ್ತಿಲ್ಲವೆಂದು ಕೈಮುಗಿದ. ಆಗ ಜಂಬುನಾಥ ತನ್ನ ಜೀವನದ ಅತ್ಯಂತ ಜಾಣ ನಿರ್ಧಾರ ಎಂದು ತಾನೇ ನಂಬಿದ ನಿರ್ಧಾರವನ್ನು ಮಾಡಿದ. ಕತ್ತರಿ ಹಿಡಿದವನಂತೆ ಎರಡು ಬೆರಳು ಆಡಿಸಿ, ಅಜೀರ್ಣವನ್ನು ತೆಗೆದುಹಾಕಿದ.

“ಆಡೋರಿಗೆ ‘ಓಡು’ ಅಂದ್ರ ಸಾಕಲೇ. ಮ್ಯಾಲ ಸಣ್ಣಗ ಅಮ್ಮಾರ ಹೆಸರು, ಕೆಳಗ ದಪ್ಪಗ ‘ಓಡು’. ಓದಿದ ಕೂಡ್ಲೆ ಕಾಲಿಗೆ ಜೀವ ಬರಬೇಕು.”

ಎಲ್ಲರೂ ಚಪ್ಪಾಳೆ ತಟ್ಟಿದರು. ವೆಂಕೂಬಾಯಿಯೂ, ಅಜೀರ್ಣ ಓಡುವುದಾದರೆ ಆಟಗಾರ ಓಡಲಿ, ಎರಡೂ ಒಂದೇ ಎಂದು ಸಮ್ಮತಿಸಿದರು.

ಐದು ದಿನ ಸಾಮ್ರಾಜ್ಯದ ಬಾಗಿಲು ಹಾಕಿಕೊಂಡು ಜಂಬುನಾಥ ಹಳದಿ ಅಂಗಿಗಳ ಮೇಲೆ ಕಪ್ಪು ಅಕ್ಷರ ಬರೆದ. ಆ ‘ಓ’ ದುಂಡಗೆ ತುಂಬುಗಲ್ಲದ ಮುಖದಂತಿತ್ತು. ಡಕಾರಕ್ಕೆ ಅವನು ಕೊಟ್ಟ ಕೊಂಬು ಹಳ್ಳಿಕಾರ್ ಹೋರಿಯ ಕೊಂಬಿನಂತೆ ಬಾಗಿ ಮೇಲೆದ್ದಿತ್ತು. ಇದರಲ್ಲಿ ತಪ್ಪಾಗಲು ಜಾಗವೇ ಇರಲಿಲ್ಲ, ಇದ್ದದ್ದೇ ಎರಡು ಅಕ್ಷರ. ಅಲ್ಲದೆ ಬರೆಯುವಾಗ ಅವನು ಹಲ್ಲಿನ ನಡುವೆ ಇನ್ನೊಂದು ಬ್ರಷ್ ಕಚ್ಚಿಕೊಂಡಿರುತ್ತಾನಾದ್ದರಿಂದ ಬರೆದದ್ದನ್ನು ಬಾಯಿಬಿಟ್ಟು ಓದುವ ರೂಢಿಯೇ ಅವನಿಗಿಲ್ಲ. ಅವನ ಕಣ್ಣು ಅಪ್ಪಟ ಕನ್ನಡದ್ದು. ಕಿವಿ ಮಾತ್ರ, ಇಪ್ಪತ್ತಾರು ವರ್ಷದ ಸಂಸಾರದ ದೆಸೆಯಿಂದ, ಅರ್ಧಕ್ಕರ್ಧ ತೆಲುಗು. ಹೆಂಡತಿ ಸುನಂದಾ ಗಡಿಯಾಚೆಯ ಆದೋನಿಯವಳು. ಕನ್ನಡದಲ್ಲಿ ಸಂಸಾರ ಮಾಡಿ ತೆಲುಗಿನಲ್ಲಿ ಬೈಯುತ್ತಾಳೆ.

ಸುನಂದಾ ಒಮ್ಮೆ ಅಂಗಿ ತೋರಿಸಿರೆಂದು ಕೇಳಿದ್ದೂ ಉಂಟು. ಅವನು ತೋರಿಸಲಿಲ್ಲ. ಅಂಗಡಿಯ ಬೋರ್ಡನ್ನು ಬರೆದಾದ ಮೇಲೆ ಬಟ್ಟೆ ಮುಚ್ಚಿಟ್ಟು, ಕಾಯಿ ಒಡೆದ ಮೇಲೆಯೇ ತೆರೆಯುವುದು ಅವನ ಗುರು ಹಾಕಿಕೊಟ್ಟ ಪದ್ಧತಿ. ಅಂಗಿಯೂ ಒಂದು ನಡೆದಾಡುವ ಬೋರ್ಡೇ ಅಲ್ಲವೇ? ಹನ್ನೊಂದೂ ಅಂಗಿ ಹಳೆಯ ಧೋತರದಲ್ಲಿ ಗಂಟುಕಟ್ಟಿಸಿಕೊಂಡು ಮೈದಾನದಲ್ಲೇ ಬಿಚ್ಚಿಕೊಳ್ಳಲು ಕಾದು ಕೂತವು.

ಭಾನುವಾರ ಬೆಳಿಗ್ಗೆ ಒಂದು ಟೆಂಪೋದಲ್ಲಿ ತಂಡ ಸಿರುಗುಪ್ಪಕ್ಕೆ ದಂಡೆತ್ತಿ ಹೋಯಿತು. ಆಗಷ್ಟೇ ಭತ್ತ ಕೊಯ್ದ ಗದ್ದೆಗಳ ನಡುವೆ ಹೋಗುತ್ತ ಹುಲುಗೇಶ ಎದುರಾಳಿಯ ಬಗ್ಗೆ ವಿವರ ಕೊಟ್ಟ. ಎದುರಾಳಿ ಆದೋನಿಯ ತಂಡ. ಅವರಿಗೂ ಹೊಸ ಅಂಗಿ, ಹಾಲಿನಂಥ ಬಿಳಿ. ಕೊಡಿಸಿದ ಬಟ್ಟೆ ಅಂಗಡಿಯ ಯಜಮಾನ, ಪಂದ್ಯ ಮುಗಿದ ಮೇಲೆ ಅವನ್ನು ತನ್ನ ಅಂಗಡಿಯ ಗಾಜಿನೊಳಗೆ ತೂಗುಹಾಕುತ್ತೇನೆ, ಧೂಳಾದರೆ ಒಗೆಯಬಹುದು, ಒಗೆದರೆ ಹೋಗದ ಕಲೆ ಮಾತ್ರ ಆಗಬಾರದು ಎಂದು ತಾಕೀತು ಮಾಡಿ ತಾನೇ ಕಾವಲಿಗೆ ಬರುತ್ತಿದ್ದಾನಂತೆ. ಇದನ್ನು ಕೇಳಿ ಎಲ್ಲರೂ ನಕ್ಕರು. ಸುನಂದಾ ತವರಿನ ತಂಡ ಗೆಲ್ಲಲಿ ಎಂದು ಹೇಳಿ ಟೆಂಪೋದಲ್ಲಿ ಗದ್ದಲ ಎಬ್ಬಿಸಿದಳು.

ಮೈದಾನದಲ್ಲಿ ಜನ ಸೇರಿದ್ದರು. ವೆಂಕೂಬಾಯಿ ಮಗನ ಕಾರಿನಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೊಡೆ ಬಿಚ್ಚಿ ಕೂತರು. ರೆಫರಿ, ಅಲ್ಲಿನ ದೈಹಿಕ ಶಿಕ್ಷಕ ದೊಡ್ಡಬಸವರಾಜ ಮಾಸ್ತರು, ಸೀಟಿ ಬಾಯಲ್ಲಿಟ್ಟು ಕಾದರು. ಜಂಬುನಾಥ ಊದುಬತ್ತಿ ಹಚ್ಚಿ, ಕಾಯಿ ಒಡೆದು, ಗಂಟು ಬಿಚ್ಚಿದ. ಹನ್ನೊಂದು ಜನ ಅಂಗಿ ತೊಟ್ಟು ಸಾಲಾಗಿ ನಿಂತು ಎದೆ ಉಬ್ಬಿಸಿದರು. ಬಳ್ಳಾರಿಯವರು ಚಪ್ಪಾಳೆ ತಟ್ಟಿದರು.

ಆಮೇಲೆ ಆದೋನಿಯವರ ಕಡೆಯಿಂದ ಒಂದು ಸಣ್ಣ ಕಿಸಕ್ಕು ಕೇಳಿತು. ಅದು ಪಕ್ಕದವನಿಗೆ ಹತ್ತಿತು, ಅವನಿಂದ ಬೆಂಚಿಗೆ, ಬೆಂಚಿನಿಂದ ಬೇಲಿಗೆ. ಸಿರುಗುಪ್ಪದವರಿಗೂ ತೆಲುಗು ಬರುತ್ತದೆ, ಆದ್ದರಿಂದ ಬೇಲಿಯಿಂದ ಇಡೀ ಮೈದಾನಕ್ಕೆ. ಸುನಂದಾ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಅಲುಗಾಡುತ್ತಿದ್ದಳು. ಜಂಬುನಾಥ ಅವಳ ಬಳಿ ಓಡಿದ.

“ಯಾಕ ನಗಾಕತ್ತೀ?”

“ನೀವು ಬರದದ್ದು ಬಾಯಿಬಿಟ್ಟು ಓದ್ರಿ ಒಮ್ಮೆ.”

“ಓಡು.”

“ಈಗ ನಮ್ಮವ್ವ ಓದಿದಂಗ ಓದ್ರಿ.”

ಜಂಬುನಾಥ ಅತ್ತೆಯನ್ನು ನೆನೆದುಕೊಂಡು ಮನಸ್ಸಿನಲ್ಲೇ ಓದಿದ. ಅಕ್ಷರ ಮೊದಲ ಸಲ ಕಣ್ಣಿನಿಂದ ಕಿವಿಗೆ ಇಳಿಯಿತು. ತೆಲುಗಿನಲ್ಲಿ ‘ಓಡು’ ಎಂದರೆ ‘ಸೋಲು’. ಲಿಪಿಯೋ ಅಣ್ಣತಮ್ಮಂದಿರದ್ದು, ಆದೋನಿಯ ಕೂಸು ಕೂಡ ಓದಬಲ್ಲದು. ಹನ್ನೊಂದು ಜನ ಹುಲಿಮರಿಗಳ ಎದೆಯ ಮೇಲೆ ಅವನು ಐದು ದಿನ ಕೂತು, ಹೋರಿಯ ಕೊಂಬಿನ ಸೊಬಗು ಕೊಟ್ಟು, ‘ಸೋಲು’ ಎಂದು ಬರೆದಿದ್ದ.

ಮೊದಲ ಗೋಲು ಆರನೇ ನಿಮಿಷದಲ್ಲಿ ಬಿತ್ತು. ಬಳ್ಳಾರಿಯವರಿಗೆ ತಮ್ಮ ಎದೆಯ ಬರಹದ ಅರ್ಥ ಅಷ್ಟರಲ್ಲಿ ತಿಳಿದಿತ್ತು. ಹುಲುಗೇಶ ಎದೆ ಮುಚ್ಚಿಕೊಂಡು ಓಡುತ್ತಿದ್ದ, ಎರಡೂ ಕೈ ಕಟ್ಟಿಕೊಂಡವನು ಎಷ್ಟು ಓಡಿಯಾನು? ಮೈಕು ಹಿಡಿದಿದ್ದವನು, ಬಳ್ಳಾರಿ ತಂಡದವರು ತಮ್ಮ ಗುರಿಯನ್ನು ಎದೆಯ ಮೇಲೇ ಬರೆದುಕೊಂಡು ಬಂದಿದ್ದಾರೆ, ಇಷ್ಟು ಪ್ರಾಮಾಣಿಕ ತಂಡವನ್ನು ತಾನು ನೋಡಿಲ್ಲ ಎಂದು ಸಾರಿದ. ಎರಡನೇ ಗೋಲು ಬಿದ್ದಾಗ ಬೇಲಿಯ ಬಳಿಯಿದ್ದ ಆದೋನಿಯ ಮುದುಕನೊಬ್ಬ ಕರುಣೆಯಿಂದ ಹೇಳಿದ:

“ಓಡಮಂಟೇ ಓಡ್ತುನ್ನಾರು, ಮಂಚಿ ಪಿಲ್ಲಲು.”

ಸೋಲು ಎಂದರೆ ಸೋಲುತ್ತಿದ್ದಾರೆ, ಒಳ್ಳೆಯ ಮಕ್ಕಳು. ಹೇಳಿದ ಮಾತು ಕೇಳುವ ಮಕ್ಕಳು ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತಾರೆ ಎಂಬ ಮೆಚ್ಚುಗೆ ಅವನ ದನಿಯಲ್ಲಿತ್ತು.

ಅರ್ಧ ಆಟ ಮುಗಿದು ಸೀಟಿಯಾಯಿತು. ಸೊನ್ನೆ, ಎರಡು. ವೆಂಕೂಬಾಯಿ ಕೊಡೆಯ ತುದಿಯಿಂದ ಜಂಬುನಾಥನನ್ನು ಕರೆದರು. ಪಕ್ಕದಲ್ಲಿ ವಿಶ್ವಪ್ರಿಯ ಆಗಲೇ ಫೋನಿನಲ್ಲಿ ಫ್ಲೆಕ್ಸಿನ ಅಳತೆ ಮಾತಾಡುತ್ತಿದ್ದ. ಜಂಬುನಾಥನ ಕಣ್ಣ ಮುಂದೆ ಸುಣ್ಣ ಬಳಿದ ನಲವತ್ತು ಗೋಡೆಗಳು ಒಂದೊಂದಾಗಿ ಬೆನ್ನು ತಿರುಗಿಸಿ ಹೊರಟವು.

“ಕಾಗುಣಿತ ಸರಿ ಐತ್ರಿ ಅಮ್ಮಾರ,” ಎಂದ ಅವನು, ಅವರು ಕೇಳುವ ಮೊದಲೇ.

“ಕಾಗುಣಿತ ಸರಿ ಅದಪಾ. ನಾ ಏನು ಅಲ್ಲಾಂದೆನೇನು?” ವೆಂಕೂಬಾಯಿಗೆ ಸಿಟ್ಟು ಬಂದಂತಿರಲಿಲ್ಲ, ಮೂರನೇ ತರಗತಿಯ ಸ್ಲೇಟು ನೋಡುವಂತೆ ನೋಡುತ್ತಿದ್ದರು. “ನಲವತ್ತು ವರ್ಷ ಸಾಲ್ಯಾಗ ನಾ ಹೇಳಿದ್ದು ಒಂದೇ ಮಾತು. ತಪ್ಪಾದ್ರ ತಿದ್ದಿ ಬರೀರಿ. ಹತ್ತು ನಿಮಿಷ ಅದ.”

ಅಂಗಿ ತಿರುಗಿಸಿ ಹಾಕಿಕೊಳ್ಳೋಣ ಎಂದು ಗೋಲ್‌ಕೀಪರ್ ಹೇಳಿದ. ತಿರುಗಿಸಿದರೆ ವೆಂಕೂಬಾಯಿಯ ಹೆಸರೂ ಒಳಗೆ ಹೋಗುತ್ತಿತ್ತು, ಹೆಸರಿನ ಜೊತೆ ಗೋಡೆಗಳೂ. ಬರೆದದ್ದನ್ನು ಅಳಿಸುವಂತೆಯೂ ಇರಲಿಲ್ಲ, ಜಂಬುನಾಥ ಬಳಸಿದ್ದು ಒಗೆದರೂ ಹೋಗದ ಬಣ್ಣ, ಅದೇ ಅವನ ಹೆಮ್ಮೆಯಾಗಿತ್ತು. ಅವನು ತಲೆ ಹಿಡಿದು ಕೂತ. ಸುನಂದಾ ಪಕ್ಕಕ್ಕೆ ಬಂದು, ನಗು ಹೇಗೋ ನುಂಗಿಕೊಂಡು, ತನ್ನ ಭಾಷೆಯಲ್ಲಿ ಬೈದಳು. ಇಷ್ಟು ಕಷ್ಟಪಟ್ಟು ಬರೆಯುವವರು ‘ಓಡು’ ಎನ್ನುವ ಬದಲು ‘ಓಡಿಂಚು’ ಎಂದಾದರೂ ಬರೆದಿದ್ದರೆ ತನ್ನ ತವರಿನವರು ಹೆದರಿ ಮನೆಗೆ ಹೋಗುತ್ತಿದ್ದರಲ್ಲ ಎಂದಳು.

‘ಓಡಿಂಚು’ ಎಂದರೆ ತೆಲುಗಿನಲ್ಲಿ ‘ಸೋಲಿಸು’. ಜಂಬುನಾಥ ತಲೆಯಿಂದ ಕೈ ತೆಗೆದ. ಕನ್ನಡದಲ್ಲಿ ಅದರ ದಾಯಾದಿ ಯಾವುದು? ‘ಓಡಿಸು’. ಆದೋನಿಯವರು ಓದಿದರೆ ‘ಓಡಿಂಚು’ ಎಂದೇ ಹೊಳೆದು ಸೋಲಿಸು, ಬಳ್ಳಾರಿಯವರು ಓದಿದರೆ ಅಟ್ಟು. ಮೇಲೆ ವೆಂಕೂಬಾಯಿ ಪಾಚಕದ ಹೆಸರು ಇರುವಾಗ ಏನನ್ನು ಅಟ್ಟಬೇಕೆಂಬುದು ಹೊಟ್ಟೆಯಿರುವ ಯಾರಿಗೂ ಗೊತ್ತಾಗುತ್ತದೆ.

ಇದಕ್ಕೆ ಬೇಕಾದದ್ದು ಮೂರೇ ಕೆಲಸ. ಡಕಾರದ ಕೊಂಬು ಮುರಿಯಬೇಕು. ಅದಕ್ಕೆ ಗುಡಿಸು ಕೊಡಬೇಕು. ಮುರಿದ ಕೊಂಬಿನ ಮೇಲೆಯೇ ಸಕಾರ ಕೂರಿಸಿ, ಅದಕ್ಕೆ ಹೊಸ ಕೊಂಬು ಮೂಡಿಸಬೇಕು.

ಚೀಲದಲ್ಲಿದ್ದದ್ದು ಗೋಡೆಗೆ ಹಚ್ಚುವ ಕಪ್ಪು ಎನಾಮಲ್ ಡಬ್ಬಿ. ಅವನು ಹಲ್ಲಿನಿಂದ ಮುಚ್ಚಳ ಎಬ್ಬಿಸಿದ. ಹನ್ನೊಂದು ಜನರನ್ನು ಸಾಲಾಗಿ ನಿಲ್ಲಿಸಿ, ಉಸಿರು ಬಿಗಿಹಿಡಿಯಿರೆಂದು ಆಜ್ಞೆ ಮಾಡಿ, ಎದೆಯಿಂದ ಎದೆಗೆ ನುಗ್ಗಿದ. ಹಳೆಯ ಕೊಂಬನ್ನು ಸಕಾರದ ಹೊಟ್ಟೆ ನುಂಗುತ್ತ ಹೋಯಿತು. ಹೊಸದರ ಪಕ್ಕ ಹಳೆಯದು ಮಂಕಾಗಿ ಕಾಣಬಾರದೆಂದು ‘ಓ’ ಮತ್ತು ಡಕಾರದ ಮೇಲೂ ಒಂದೊಂದು ಕೈ ಎಳೆದ. ಬಣ್ಣದ ತಣ್ಣನೆಯ ಬ್ರಷ್ ತಾಗಿ ಹುಲುಗೇಶ ನೆಟ್ಟಗೆ ನಿಂತ. ಗೋಲ್‌ಕೀಪರನಿಗೆ ಕಚಗುಳಿ ಜಾಸ್ತಿ, ಅವನ ಡಿಕಾರ ಸ್ವಲ್ಪ ಕುಣಿಯಿತು. ಬೇಲಿಯ ಜನ ಎಣಿಸತೊಡಗಿದರು, ನಾಲ್ಕು, ಐದು, ಆರು. ಹತ್ತು ನಿಮಿಷ ಮುಗಿದದ್ದು ದೊಡ್ಡಬಸವರಾಜ ಮಾಸ್ತರಿಗೆ ಗೊತ್ತಿತ್ತು, ಆದರೆ ಅವರೂ ಬಗ್ಗಿ ನೋಡುತ್ತಿದ್ದರು. ಆದೋನಿಯ ನಾಯಕ ಬಂದು ಆಟದ ನಡುವೆ ಅಂಗಿ ತಿದ್ದಬಹುದೇ ಎಂದು ಕೇಳಿದ. ಮಾಸ್ತರು ಯೋಚಿಸಿ, ನಿಯಮದ ಪುಸ್ತಕದಲ್ಲಿ ಕಾಗುಣಿತದ ಬಗ್ಗೆ ಏನೂ ಇಲ್ಲ ಎಂದು ತೀರ್ಪು ಕೊಟ್ಟರು.

ಹನ್ನೊಂದನೇ ಕೊಂಬು ಮೂಡಿದ ಮೇಲೆ ಜಂಬುನಾಥ ಬ್ರಷ್ ಎತ್ತಿ ಸೇನೆಗೆ ಕೊನೆಯ ಮಾತು ಹೇಳಿದ.

“ಬಣ್ಣ ಹಸಿ ಐತಿ. ಯಾರೂ ಯಾರನ್ನೂ ಅಪ್ಕೋಬ್ಯಾಡ್ರಿ. ಎದಿಗೆ ಚೆಂಡು ತಾಗಿಸಬ್ಯಾಡ್ರಿ. ಗೋಲು ಹೊಡದ್ರೂ ದೂರ ನಿಂತು ಖುಷಿ ಪಡ್ರಿ.”

ಮೈದಾನಕ್ಕೆ ಮರಳಿದ ಹಳದಿ ಪಡೆಯನ್ನು ಆದೋನಿಯವರು ನಗುತ್ತಲೇ ನೋಡಿದರು, ಓದಿದರು, ಆಮೇಲೆ ನಗು ನಿಲ್ಲಿಸಿದರು. ಬೇಲಿಯ ಮುದುಕ ಮಕ್ಕಳು ಕೆಟ್ಟರು ಎಂದ. ಆದರೂ ಬರಿಯ ಬರಹದಿಂದ ಗೋಲು ಬೀಳುವುದಿಲ್ಲ. ಬಿದ್ದದ್ದು ಬಣ್ಣದಿಂದ. ಹುಲುಗೇಶನನ್ನು ಭುಜ ಕೊಟ್ಟು ತಡೆಯಲು ಬಂದ ಆದೋನಿಯ ದಾಂಡಿಗನೊಬ್ಬನ ಬೆರಳಿಗೆ ಕಪ್ಪು ಮೆತ್ತಿತು. ಅವನು ಬೆರಳು ಎತ್ತಿ ನೋಡಿದ. ಅಂಚಿನಲ್ಲಿ ಕಾವಲು ನಿಂತಿದ್ದ ಬಟ್ಟೆ ಅಂಗಡಿಯ ಯಜಮಾನನೂ ನೋಡಿದ. ಆ ಯಜಮಾನ ಅಲ್ಲಿಂದಲೇ, ಮುಟ್ಟಬೇಡಿರೋ, ದೂರ ನಿಲ್ಲಿರೋ ಎಂದು ತೆಲುಗಿನಲ್ಲಿ ಕೂಗತೊಡಗಿದ.

ಅಲ್ಲಿಂದ ಮುಂದೆ ಸಿರುಗುಪ್ಪದ ಜನ ಕಂಡದ್ದು ಫುಟ್‌ಬಾಲಿನ ಇತಿಹಾಸದಲ್ಲೇ ಅತ್ಯಂತ ಮಡಿಯ ಆಟ. ಹಳದಿ ಅಂಗಿ ಬಂದತ್ತ ಬಿಳಿ ಅಂಗಿ ಎರಡು ಮಾರು ಸರಿಯುತ್ತಿತ್ತು. ಹುಲುಗೇಶ ಎದೆ ಮುಂದೆ ಮಾಡಿಕೊಂಡು ನಡೆದರೆ ಪಡೆ ಎರಡಾಗಿ ಸೀಳಿ ದಾರಿ ಕೊಡುತ್ತಿತ್ತು. ಮೊದಲ ಗೋಲನ್ನು ಅವನು ಓಡುತ್ತ ಹೊಡೆದ. ಎರಡನೆಯದನ್ನು, ಓಡುವ ಅಗತ್ಯ ಕಾಣದೆ, ನಡೆಯುತ್ತ ಹೊಡೆದ. ಮೈಕಿನವ ಯಾವ ಭಾಷೆಯಲ್ಲಿ ಕೂಗಬೇಕೆಂದು ತಿಳಿಯದೆ ಎರಡರಲ್ಲೂ ಕೂಗಿದ.

ಎರಡು, ಎರಡು. 

ಕೊನೆಯ ನಿಮಿಷದಲ್ಲಿ ಚೆಂಡು ಎತ್ತರದಿಂದ ಹುಲುಗೇಶನತ್ತ ಬಂತು. ತಲೆ ಎತ್ತುವಷ್ಟು ಹೊತ್ತಿಲ್ಲ, ಕಾಲಿಗೆ ಸಿಗುವಷ್ಟು ಕೆಳಗಿಲ್ಲ. ಅವನು ಜಂಬುನಾಥನ ಆಜ್ಞೆಯನ್ನು ಮರೆತು ಎದೆ ಕೊಟ್ಟ. ಚೆಂಡು ಸರಿಯಾಗಿ ಸುಕಾರದ ಮೇಲೆ ಬಿದ್ದು, ಅದರ ಕೊಂಬನ್ನು ಕಿತ್ತುಕೊಂಡು ನೆಲಕ್ಕಿಳಿಯಿತು. ಅವನು ಒದ್ದ. ಆ ಗೋಲಿಗೆ ಬಲೆ ಇರಲಿಲ್ಲ, ಸುಣ್ಣ ಬಳಿದ ಎರಡು ಕಂಬ, ಮೇಲೊಂದು ಅಡ್ಡಮರ, ಅಷ್ಟೇ. ಚೆಂಡು ಎಡಗಂಬವನ್ನು ಸವರಿಕೊಂಡು ಹಿಂದಿನ ಗದ್ದೆಗೆ ಹಾರಿಹೋಯಿತು.

ಕಂಬದ ಒಳಗಿಂದ ಹೋಯಿತೆಂದು ಬಳ್ಳಾರಿ. ಹೊರಗಿಂದ ಹೋಯಿತೆಂದು ಆದೋನಿ. ಸಿರುಗುಪ್ಪದವರು ತಮಗೇನೂ ಸಂಬಂಧವಿಲ್ಲದಿದ್ದರೂ ಎರಡೂ ಕಡೆ ಹಂಚಿಕೊಂಡು ಜಗಳಕ್ಕೆ ನಿಂತರು. ದೊಡ್ಡಬಸವರಾಜ ಮಾಸ್ತರು ಎಲ್ಲರನ್ನೂ ಸರಿಸಿ ಕಂಬದ ಬಳಿ ಹೋಗಿ ಕನ್ನಡಕ ಹಾಕಿಕೊಂಡರು. ಹೊರಮೈ ಬೆಳ್ಳಗಿತ್ತು. ಒಳಮೈಯ ಸುಣ್ಣದ ಮೇಲೆ, ಮೊಳಕಾಲೆತ್ತರದಲ್ಲಿ, ಹಸಿ ಕಪ್ಪಿನ ಒಂದು ಕೊಂಬು. ತಲೆಕೆಳಗಾಗಿತ್ತು, ಚೂರು ಸವೆದಿತ್ತು, ಆದರೆ ಆ ಬಾಗು, ಆ ತುದಿಯ ತಿರುವು, ಮೂರು ತಾಲ್ಲೂಕಿನಲ್ಲಿ ಇನ್ನೊಬ್ಬ ಪೇಂಟರನಿಗೆ ಬರುವಂಥದ್ದಲ್ಲ.

“ಇದು ಯಾರ ಕೊಂಬು?” ಎಂದು ಕೇಳಿದರು ಮಾಸ್ತರು.

“ನಂದ್ರಿ,” ಎಂದ ಜಂಬುನಾಥ, ಮೈದಾನದ ಹೊರಗಿನಿಂದ.

ಮಾಸ್ತರು ಸೀಟಿ ಊದಿ ಗೋಲು ಕೊಟ್ಟರು. ಏಕಶಿಲಾ ಸಂಘದವರು ಒಬ್ಬರನ್ನೊಬ್ಬರು ಅಪ್ಪಿಕೊಳ್ಳಬಾರದೆಂಬುದನ್ನು ಹನ್ನೊಂದೂ ಜನ ಒಟ್ಟಿಗೆ ಮರೆತರು. ಆಟ ಮುಗಿದ ಮೇಲೆ ಆದೋನಿಯ ನಾಯಕ, ಅವನೂ ದೊಡ್ಡ ಮನಸ್ಸಿನವನೇ, ಹುಲುಗೇಶನನ್ನು ಎದೆಗವಚಿಕೊಂಡ. ಅವನ ಹಾಲುಬಿಳುಪಿನ ಅಂಗಿಯ ಮೇಲೆ, ಕೊಂಬು ಚೂರು ಮಾಸಿದ ಉಲ್ಟಾ ‘ಓಡಿಸು’ ಮೂಡಿತು. ಬಟ್ಟೆ ಅಂಗಡಿಯ ಯಜಮಾನ ಮೊದಲು ನೆಲದ ಮೇಲೆ ಕೂತ. ಆಮೇಲೆ ಜನ ಅದರ ಫೋಟೋ ತೆಗೆದುಕೊಳ್ಳಲು ಸಾಲುಗಟ್ಟಿದ್ದು ನೋಡಿ ಎದ್ದು ನಿಂತು, ಗಾಜಿನೊಳಗೆ ಅದನ್ನೇ ತೂಗುಹಾಕುವುದಾಗಿ ಹೇಳಿದ.

ವೆಂಕೂಬಾಯಿ ಕೊಡೆ ಮಡಿಚಿದರು. ಅವರ ಸುತ್ತ ಏಳೆಂಟು ಜನ ಆದೋನಿಯವರು ನಿಂತು, ಆ ‘ಓಡಿಸು ಪುಡಿ’ ಎಲ್ಲಿ ಸಿಗುತ್ತದೆಂದು ವಿಚಾರಿಸುತ್ತಿದ್ದರು. ಜನ ಅಂಗಿ ನೋಡಿ ಮಾತಾಡಬೇಕು ಎಂಬ ಅವರ ಷರತ್ತು ಅವರು ಬಯಸಿದ್ದಕ್ಕಿಂತ ನಾಲ್ಕು ಪಟ್ಟು ನೆರವೇರಿತ್ತು. ವಿಶ್ವಪ್ರಿಯ ಫೋನನ್ನು ಜೇಬಿಗಿಳಿಸಿದ.

“ನಲವತ್ತು ಗೋಡಿ ನಿಂದೇ ಜಂಬುನಾಥಾ. ಆದ್ರ ಒಂದು ಮಾತು. ನೀ ಬರದದ್ದನ್ನ ಮೊದಲು ನಿನ್ನ ಹೆಂಡ್ತಿ ಓದಬೇಕು. ಬಾಯಿಬಿಟ್ಟು. ಅವರವ್ವ ಓದಿದಂಗ.”

ಮೂವತ್ತಾರು ವರ್ಷ ಯಾರ ಕೈಯಲ್ಲೂ ತಿದ್ದಿಸಿಕೊಳ್ಳದ ಜಂಬುನಾಥ ಕೈಮುಗಿದು ಒಪ್ಪಿದ. ಗೋಡೆಯ ಮುಂದೆ ಮಾನ ಸಣ್ಣದು.

ಹೀಗಾಗಿ ಮುಂದಿನ ವಾರ ಕುರುಗೋಡಿನ ರಸ್ತೆ ಬದಿಯ ಮೊದಲ ಗೋಡೆಯ ಮುಂದೆ, ಜಂಬುನಾಥ ಏಣಿಯ ಮೇಲೆ, ಸುನಂದಾ ಏಣಿಯ ಕೆಳಗೆ. ಅವಳ ಕೈಯಲ್ಲಿ ಚುರುಮುರಿಯ ಪೊಟ್ಟಣ, ಮುಖದಲ್ಲಿ ಶಾಲಾ ಇನ್‌ಸ್ಪೆಕ್ಟರರ ಗಾಂಭೀರ್ಯ. ‘ವೆಂಕೂಬಾಯಿ ಪಾಚಕ, ಅಜೀರ್ಣ ಓಡಿಸು’ ಎಂಬುದು ಆಳೆತ್ತರದ ಅಕ್ಷರದಲ್ಲಿ ಹೊಳೆಯುತ್ತಿತ್ತು. ಅದನ್ನು ಎರಡೂ ಭಾಷೆಯಲ್ಲಿ ಓದಿ ಅವಳು ಪಾಸು ಮಾಡಿದ್ದಳು. ಜಂಬುನಾಥ ಹುರುಪಿನಿಂದ ಕೆಳಗೆ ಇನ್ನೊಂದು ಸಾಲು ಬರೆದ. ‘ಮಕ್ಕಳಿಗೂ ಕೊಟ್ಟು ನೋಡಿ.’

ಕೆಳಗಿನಿಂದ ಚುರುಮುರಿ ಗಂಟಲಿಗೆ ಸಿಕ್ಕಿಕೊಂಡ ಸದ್ದು ಕೇಳಿತು.

“ಈಗ ಏನಾತು?” ಎಂದ ಅವನು, ತಿರುಗಿ ನೋಡದೆ.

“ನಮ್ಮಲ್ಲಿ ಕೊಟ್ಟು ಅಂದ್ರ ಹೊಡಿ, ಕೊಡ್ತಾ ಅಂದ್ರ ಹೊಡೀತೀನಿ ಅಂತ. ನಮ್ಮವ್ವ ಓದಿದ್ರ, ಮಕ್ಕಳಿಗೂ ನಾಕು ಹೊಡದು ನೋಡ್ರಿ ಅಂತ ಆಗ್ತೈತಿ.”

ಕುರುಗೋಡಿನಲ್ಲಿ ಅದನ್ನು ಹಾಗೆ ಓದುವವರು ಯಾರಿದ್ದಾರೆ ಎಂದು ಅವನು ವಾದಿಸಿದ. ಮೆಣಸಿನಕಾಯಿ ಬಿಡಿಸಲು ಗಡಿಯಾಚೆಯಿಂದ ಟ್ರ್ಯಾಕ್ಟರುಗಟ್ಟಲೆ ಬರುವವರೆಲ್ಲ ತನ್ನ ಊರಿನವರೇ, ಅವರ ಹೊಟ್ಟೆಯೇ ಮೊದಲು ಉರಿಯುವುದು ಎಂದಳು ಅವಳು. ಜಂಬುನಾಥ ನಿಟ್ಟುಸಿರು ಬಿಟ್ಟು, ಹಲ್ಲಿನ ನಡುವಿನ ಬ್ರಷ್ ತೆಗೆದು, ಕೆಳಗೆ ಕೈ ಚಾಚಿದ.

“ಒರಸೋ ಬಟ್ಟಿ ಕೊಡ್ತೀಯೇನು?”

ಸುನಂದಾ ಪೊಟ್ಟಣ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಣ್ಣದ ಬಟ್ಟೆಯನ್ನು ಕೈಯಲ್ಲಿ ಎತ್ತಿಕೊಂಡಳು.

“ಕೊಡ್ತಾ,” ಎಂದಳು.

ಅವಳು ಕನ್ನಡದಲ್ಲಿ ಕೊಡುತ್ತಾಳೋ ತೆಲುಗಿನಲ್ಲಿ ಕೊಡುತ್ತಾಳೋ ಗೊತ್ತಾಗದೆ, ಜಂಬುನಾಥ ಏಣಿಯ ಇನ್ನೊಂದು ಮೆಟ್ಟಿಲು ಮೇಲಕ್ಕೆ ಹತ್ತಿ ನಿಂತ.